ಎರಡು ತೋಳಿನ ನೀರು

ಎಸ್ಕಿಶೆಹಿರಿನಿಂದ ಕೊನೆಯ ಬಸ್ಸು. ಕ್ಯುತಾಹ್ಯಾದಲ್ಲಿ ಇಳಿದರೆ
ಕಾಲಡಿ ಗಾಜಿನಂಥ ಹಿಮ, ಮೂಗಲ್ಲಿ ಕಲ್ಲಿದ್ದಲ ಹೊಗೆ.
ಚೀಲದಲ್ಲಿ ಸ್ಕ್ರೂಡ್ರೈವರು, ರಬ್ಬರ್ ನಳಿಕೆ,
ಸೋಪುನೀರಿನ ಬಾಟಲಿ, ಅರ್ಧ ತಿಂದ ಸಿಮಿತ್ ರೊಟ್ಟಿ.

ಗೂಡಿನ ಬಾಗಿಲಲ್ಲೇ ನಿಂತಿದ್ದರು ವೆಜಿಹಿ ಉಸ್ತಾ.
ಸಲಾಮಿಗೂ ಮೊದಲು ಒಂದು ಹಂಚು ಕೈಗಿಟ್ಟರು.
‘ಫಿರೋಜಿ ಬರಬೇಕಿತ್ತು.
ನೋಡು, ಕುರಿಯ ಈಲಿಯ ಬಣ್ಣ ಬಂದಿದೆ.
ಮೂರು ಗೂಡು ಹೋಯಿತು. ಮಸೀದಿಯವರು ಕಾಯುತ್ತಿದ್ದಾರೆ.’

ತಾಮ್ರ ಹಾಗೆಯೇ.
ಗಾಳಿ ಸಾಕಷ್ಟಿದ್ದರೆ ಸಮುದ್ರ,
ಉಸಿರು ಕಟ್ಟಿದರೆ ರಕ್ತ.

ಇಣುಕುಗಿಂಡಿಗೆ ಕಣ್ಣಿಟ್ಟೆ: ಉರಿ ಹಳದಿ, ಸೋಮಾರಿ,
ಗೂಡೊಳಗೆ ಜಾಗ ಸಾಲದೆ ಹೊರಗೂ ನಾಲಿಗೆ ಚಾಚುತ್ತಿತ್ತು.
‘ಗ್ಯಾಸು ಜಾಸ್ತಿ’ ಅಂದೆ.
‘ಇಪ್ಪತ್ತೆರಡು ವರ್ಷದಿಂದ ಇನ್ನೂರು ಮಿಲಿಮೀಟರು ನೀರು.
ಒಂದು ಕೂದಲೆಳೆ ಅತ್ತಿತ್ತ ಇಲ್ಲ’ ಅಂದರು.
ಸಿಟ್ಟಿನಲ್ಲಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

‘ಹಾಗಿದ್ದರೆ ನೀವೇ ಅಳೆಯಿರಿ, ನಾನು ನೋಡುತ್ತೇನೆ.’

ಗ್ಯಾಸು ನಿಲ್ಲಿಸಿದರು. ಬರ್ನರಿನ ಕತ್ತಿನ ಬಳಿ
ಸಣ್ಣ ಮೊಳೆ ಸಡಿಲಿಸಿ ನಳಿಕೆ ತುರುಕಿದರು.
ಹೊಸ ಗಾಜಿನ ಕೊಳವೆ, ಗೋಡೆಗೆ ನೇತುಹಾಕಿದ್ದು,
ಬಾಗಿದ ಎರಡು ತೋಳು, ನಡುಮಟ್ಟಕ್ಕೆ ಕೆಂಪು ನೀರು.
ಮತ್ತೆ ಹೊತ್ತಿಸಿದರು. ಪೂರ್ತಿ ಉರಿ ಬರುವವರೆಗೂ ಕಾದರು.
ಕೂತವನ ನಾಡಿ ಬೇರೆ, ಓಡುವವನ ನಾಡಿ ಬೇರೆ;
ಉರಿಯುವಾಗ ಸಿಕ್ಕಿದ್ದೇ ಒತ್ತಡ. ಇದು ಅವರಿಗೆ ಗೊತ್ತು.
ನನ್ನ ಜೊತೆ ಕಲಿತ ಅರ್ಧ ಜನಕ್ಕೆ ಗೊತ್ತಿಲ್ಲ.

ಎಡತೋಳಿನ ನೀರು ಇಳಿಯಿತು, ಬಲತೋಳಿನದು ಏರಿತು.
ಉಸ್ತಾ ಕನ್ನಡಕ ಹಣೆಗೇರಿಸಿ
ಬಲತೋಳನ್ನಷ್ಟೇ ಓದಿದರು:
‘ಇನ್ನೂರು.’

ಎಡಕ್ಕೂ ಇನ್ನೂರು ಕೆಳಗಿತ್ತು.
ಇಳಿದದ್ದನ್ನೂ ಏರಿದ್ದನ್ನೂ ಕೂಡಬೇಕು, ಉಸ್ತಾ,
ಎಂದು ಹೇಳಲು ಬಾಯಿ ತೆರೆದವಳು ಮುಚ್ಚಿದೆ.
ಇಪ್ಪತ್ತೆರಡು ವರ್ಷ ತಪ್ಪು ಓದಿದವನ ಗೂಡಿನಿಂದ
ಅಷ್ಟೊಂದು ಫಿರೋಜಿ ಹೇಗೆ ಬಂತು?

‘ಹಳೆಯ ಕೊಳವೆ ಎಲ್ಲಿ?’
‘ಒಡೆಯಿತು. ರಂಜಾನಿಗೆ ಮುಂಚೆ.’

ಒಳಗಿಂದ ಸೊಸೆ ಮುನೆವ್ವೆರ್ ಬಂದಳು,
ಬೆರಳ ತುದಿಗೆ ಕೋಬಾಲ್ಟಿನ ನೀಲಿ.
ಕುಂಚಗಳ ಡಬ್ಬಿಯಿಂದ ಹಿತ್ತಾಳೆಯ ಪಟ್ಟಿಯೊಂದನ್ನು ತಂದಿದ್ದಳು:
ಒಡೆದ ಗಾಜು ಬಿಸಾಡಿ ಅಂಕಿಪಟ್ಟಿ ಮಾತ್ರ ಉಳಿಸಿಕೊಂಡಿದ್ದಳಂತೆ,
ಅಂಚಿನ ಗೆರೆ ಎಳೆಯಲು ಆದೀತೆಂದು.
‘ಆಗಲಿಲ್ಲ’ ಅಂದಳು. ‘ಈ ಪಟ್ಟಿ ಸುಳ್ಳು ಹೇಳುತ್ತದೆ.’
ಪಕ್ಕದಲ್ಲಿ ತನ್ನ ಅಳತೆಕೋಲು ಇಟ್ಟಳು.
‘ಇದರ ಹತ್ತು, ನನ್ನ ಐದು.’

ಗೂಡಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಯಾರೋ ಪುಣ್ಯಾತ್ಮ, ಎಂದೋ, ಎಲ್ಲೋ,
ಒಂದೇ ತೋಳು ನೋಡುವ ಅವಸರದವರಿಗೆಂದು
ಗೆರೆಗಳನ್ನು ಒತ್ತೊತ್ತಾಗಿ ಕೊರೆದಿದ್ದ;
ಕೂಡುವ ಕೆಲಸವನ್ನು ಹಿತ್ತಾಳೆಯೇ ಮಾಡಿತ್ತು.
ಉಸ್ತಾ ತಪ್ಪಿರಲಿಲ್ಲ. ಹೊಸ ಕೊಳವೆಯೂ ತಪ್ಪಿಲ್ಲ.

ಅವರು ಕೋಲನ್ನು ಎರಡು ಸಲ ತಿರುಗಿಸಿ ನೋಡಿದರು,
ಆಮೇಲೆ ಸ್ಕ್ರೂಡ್ರೈವರನ್ನು ನನಗೆ ಕೊಡದೆ
ತಾವೇ ರೆಗ್ಯುಲೇಟರಿನ ಟೋಪಿ ಬಿಚ್ಚಿದರು.
ಸ್ಪ್ರಿಂಗಿನ ಮೇಲಿನ ತಿರುಪು, ಎಡಕ್ಕೆ ಒಂದು ಸುತ್ತು.
ನೀರು ಅಲ್ಲಾಡಿತು. ಇನ್ನೊಂದು. ನಿಂತರು. ಇನ್ನರ್ಧ.
ಮೇಲೆ ನೂರು, ಕೆಳಗೆ ನೂರು.
ಈ ಸಲ ಬೆರಳಿಟ್ಟು ಎರಡನ್ನೂ ಓದಿದರು, ಗಟ್ಟಿಯಾಗಿ,
ಶಾಲೆಯ ಹುಡುಗ ಮಗ್ಗಿ ಒಪ್ಪಿಸುವ ಹಾಗೆ.

ಗಿಂಡಿಯಲ್ಲಿ ಉರಿ ಮೈ ಬಿಗಿದು ಒಳಸರಿಯಿತು.
ಮೊಳೆ ಬಿಗಿದೆವು, ಸೋಪುನೀರು ಹಚ್ಚಿದೆವು, ಗುಳ್ಳೆ ಏಳಲಿಲ್ಲ.

ಗೂಡು ತಣಿದು ಬಾಗಿಲು ತೆರೆಯಲು ಎರಡು ದಿನ.
ಬೆಳಗಿನ ಬಸ್ಸಿಗೆ ಹೊರಟೆ; ಬಣ್ಣ ನಾನು ನೋಡಿಲ್ಲ.
ಟೀ ಲೋಟ ಮುಂದಿಟ್ಟು ಉಸ್ತಾ ಕೇಳಿದ್ದು ಇಷ್ಟೇ:
‘ಬಿಲ್ಲಿನಲ್ಲಿ ಏನಂತ ಬರೆಯುತ್ತೀ?’
ಬರೆದೆ: ತಿರುಪು, ಎಡಕ್ಕೆ, ಎರಡೂವರೆ ಸುತ್ತು.
ಅವರು ಪೆನ್ನು ಇಸಿದುಕೊಂಡು
ಅದರ ಕೆಳಗೆ ಸೇರಿಸಿದರು: ತಿರುಗಿಸಿದ್ದು ನಾನು.